ಮನೆಯ ಮಾತು, ಕಚೇರಿಯ ಮಾತು, ಸಾಲಿಯ ಮಾತು

(ಗೋಕಾಕ ಸೀಮೆಯ ಮಮದಾಪುರದಲ್ಲಿ ಶಿಕ್ಷಕರು, ಪಾಲಕರು ಹಾಗೂ ವಿದ್ಯಾರ್ಥಿಗಳ ಎದುರು ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ನನ್ನ ವಯಸ್ಸಿಗಿಂತ ಹೆಚ್ಚು ವರ್ಷ ಪಾಠ ಹೇಳಿದ ಗುರುಗಳು ಎದುರಿಗೆ ಕೂತಿದ್ದಾರೆ. ಅವರ ಮುಂದೆ ಶಿಕ್ಷಣದ ಬಗೆಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಓದಿದ್ದನ್ನು, ಕೇಳಿದ್ದನ್ನು ಹೊಂದಿಸಿ ಜನರ ಮುಂದಿಡುವುದು ವರದಿಗಾರನ ಕೆಲಸ. ಆ ಕೆಲಸವನ್ನಷ್ಟೇ ಇಲ್ಲಿ ಮಾಡುತ್ತೇನೆ.

ಮೊದಲು ನಮ್ಮ ನಾಲಿಗೆಯ ಮೇಲಿರುವ ಕೆಲವು ಮಾತುಗಳನ್ನು ನೋಡೋಣ. ನಾವು ಹೋಗುವುದು 'ಸಾಲಿ'ಗೆ. ಅದು ಸಂಸ್ಕೃತದ ಶಾಲೆ. ಕೈಯಲ್ಲಿ ಹಿಡಿಯುವ 'ಪಾಟಿ' ಮರಾಠಿಯದು. ಕಲಿಸುವ 'ಮಾಸ್ತರ' ಇಂಗ್ಲಿಷಿನಿಂದ ಬಂದವರು. ಅವರು ಕೂಡುವ 'ಖುರ್ಚಿ', ಕೂಗುವ 'ಹಾಜರಿ' ಅರಬ್ಬಿ ಮೂಲದವು. ಅವರಿಗೆ ತಿಂಗಳಿಗೊಮ್ಮೆ ಬರುವ 'ಪಗಾರ' ಪೋರ್ಚುಗೀಸರದು. ಮಕ್ಕಳು ಕಾದು ಕೂಡುವ 'ಸೂಟಿ' ಮತ್ತೆ ಮರಾಠಿ. ಆದರೆ ಸಾಲಿಯೊಳಗೆ ನಡೆಯುವ ಮುಖ್ಯ ಕೆಲಸಗಳಾದ ಓದು, ಬರಿ, ಕಲಿ ಎಂಬ ಮೂರು ಮಾತ್ರ ಅಚ್ಚಗನ್ನಡ.

ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸಂತೆಯಲ್ಲಿ ಎಲ್ಲ ಊರಿನ ಕಾಳು ಬೆರೆಯುವ ಹಾಗೆ ಗಡಿಸೀಮೆಯಲ್ಲಿ ಎಲ್ಲ ಭಾಷೆಯ ಮಾತು ಬೆರೆಯುತ್ತವೆ. ಜನರ ನಡುವೆ ಭಾಷೆ ಕೊಡುಕೊಳ್ಳುವಿಕೆಯಿಂದ ಬೆಳೆಯುತ್ತದೆ, ಅಲ್ಲಿ ಜಗಳವಿಲ್ಲ. ಜಗಳ ಹುಟ್ಟುವುದು ಸಾಲಿಯ ಬಾಗಿಲಲ್ಲಿ. ಅಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ: ಈ ಮಗುವಿಗೆ ಯಾವ ಮಾತಿನಲ್ಲಿ ಕಲಿಸಬೇಕು? ಮನೆಯ ಮಾತಿನಲ್ಲೋ, ಕಚೇರಿಯ ಮಾತಿನಲ್ಲೋ? ನಮ್ಮ ಸೀಮೆ ಈ ಪ್ರಶ್ನೆಯನ್ನು ಎರಡು ನೂರು ವರ್ಷಗಳಿಂದ ಕೇಳಿಕೊಳ್ಳುತ್ತ ಬಂದಿದೆ.

ಕಚೇರಿ ನಿರ್ಧರಿಸಿದ ಭಾಷೆ

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿಯಿತು. ಈ ಸೀಮೆಯ ಬಹುಭಾಗ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ಮುಂಬಯಿ ಪ್ರಾಂತಕ್ಕೆ ಒಳಪಟ್ಟಿತು. 1836ರಲ್ಲಿ ಧಾರವಾಡ ಜಿಲ್ಲೆಯ ಉತ್ತರ ಭಾಗವನ್ನು ಬೇರ್ಪಡಿಸಿ ಬೆಳಗಾವಿ ಜಿಲ್ಲೆಯನ್ನು ಮಾಡಿದರು. ಪೇಶ್ವೆಯ ಕಾಲದ ಲೆಕ್ಕಪತ್ರಗಳು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಇದ್ದವು. ಅದನ್ನು ಓದಬಲ್ಲ ಗುಮಾಸ್ತರು ಸಿದ್ಧರಿದ್ದರು. ಹೊಸ ಸರ್ಕಾರಕ್ಕೆ ಬೇಕಾಗಿದ್ದದ್ದು ತೆರಿಗೆ. ಹೀಗಾಗಿ ಹಳೆಯ ದಫ್ತರವನ್ನು ಹಳೆಯ ಭಾಷೆಯಲ್ಲೇ ಮುಂದುವರಿಸಿದರು. ಹೊಲ ಉಳುವವನು ಕನ್ನಡಿಗ, ಅವನ ಹೊಲದ ಲೆಕ್ಕ ಮಾತ್ರ ಮರಾಠಿಯಲ್ಲಿ.

ಇಂಗ್ಲಿಷರು ಈ ನಾಡನ್ನು 'ದಕ್ಷಿಣ ಮರಾಠಾ ಸೀಮೆ' ಎಂದು ಕರೆದರು. 1882ರಲ್ಲಿ ಸ್ಥಾಪನೆಯಾದ ರೈಲ್ವೆ ಕಂಪನಿಗೂ ಸದರ್ನ್ ಮರಾಠಾ ರೈಲ್ವೆ ಎಂದೇ ಹೆಸರಿಟ್ಟರು. ಹೆಸರು ಒಮ್ಮೆ ನಕಾಶೆಗೆ ಬಿದ್ದರೆ ಅದನ್ನು ಅಳಿಸುವುದು ಸುಲಭವಲ್ಲ. ಕಚೇರಿಗೆ ಗುಮಾಸ್ತರನ್ನು ಒದಗಿಸುವುದೇ ಶಾಲೆಯ ಕೆಲಸವಾದಾಗ ಶಾಲೆಯ ಭಾಷೆಯೂ ಮರಾಠಿಯಾಯಿತು.

ಹಾಗೆಂದು ಅದಕ್ಕೂ ಮುಂಚೆ ಹಳ್ಳಿಗಳಲ್ಲಿ ಕಲಿಕೆ ಇರಲಿಲ್ಲವೆಂದಲ್ಲ. ಐಗಳು ನಡೆಸುವ ಕೂಲಿಮಠಗಳಿದ್ದವು. ಅವಕ್ಕೆ ಗಾಂವಠಿ ಶಾಲೆ ಎಂಬ ಹೆಸರೂ ಇತ್ತು. ಗುಡಿಯ ಕಟ್ಟೆಯ ಮೇಲೆ, ಮಠದ ಪಡಸಾಲೆಯಲ್ಲಿ ಮಕ್ಕಳು ಮರಳ ಮೇಲೆ ಅಕ್ಷರ ತೀಡುತ್ತಿದ್ದರು, ಮಗ್ಗಿ ಒಪ್ಪಿಸುತ್ತಿದ್ದರು. ಆದರೆ ಅಲ್ಲಿ ಕಲಿತವನಿಗೆ ಸರ್ಕಾರದ ಬಾಗಿಲು ತೆರೆಯುತ್ತಿರಲಿಲ್ಲ. ಅಕ್ಷರ ಒಂದು ಕಡೆ, ಅನ್ನ ಇನ್ನೊಂದು ಕಡೆ ಎಂಬಂತಾಗಿತ್ತು.

ಇದರ ಅನ್ಯಾಯವನ್ನು ಕಂಡವರಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿಯೂ ಇದ್ದ. ಅವನ ಹೆಸರು ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನ ಹೋರಾಟದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ಕಿತ್ತೂರಿನವರ ಕೈಗೆ ಸೆರೆಸಿಕ್ಕವರಲ್ಲಿ ಇವನೂ ಒಬ್ಬ. ಬಿಡುಗಡೆಯಾದ ಮೇಲೆ ಕನ್ನಡ ಶಾಸನಗಳನ್ನು ಸಂಗ್ರಹಿಸಿದ. ಧಾರವಾಡದಲ್ಲಿ ಸ್ವಂತ ಖರ್ಚಿನಿಂದ ಕನ್ನಡ ಶಾಲೆಯೊಂದನ್ನು ತೆರೆದ. ಚೆನ್ನಮ್ಮನ ಸೆರೆಯಾಳು ಚೆನ್ನಮ್ಮನ ಭಾಷೆಗೆ ಶಾಲೆ ತೆರೆದದ್ದು ಚರಿತ್ರೆಯ ಒಂದು ಸೋಜಿಗವೇ ಸರಿ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇದು ಮರಾಠಿ ಭಾಷೆಯ ಅಪರಾಧವಲ್ಲ. ಅದೇ ಕಾಲಕ್ಕೆ ಮುಂಬಯಿಯಲ್ಲಿ ಮರಾಠಿಯೂ ಇಂಥದೇ ಕಷ್ಟದಲ್ಲಿತ್ತು. 1840ರ ದಶಕದಲ್ಲಿ ಅಲ್ಲಿಯ ಶಿಕ್ಷಣ ಮಂಡಳಿಯ ಅಧ್ಯಕ್ಷ ಅರ್ಸ್ಕಿನ್ ಪೆರಿ ಇಂಗ್ಲಿಷ್ ಶಿಕ್ಷಣಕ್ಕೇ ಒತ್ತುಕೊಡಬೇಕೆಂದ. ಜಗನ್ನಾಥ ಶಂಕರಶೇಟ್ ಮತ್ತು ಕರ್ನಲ್ ಜರ್ವಿಸ್ ಅದನ್ನು ವಿರೋಧಿಸಿ ದೇಶಭಾಷೆಗಳ ಪರ ನಿಂತರು. ಶಂಕರಶೇಟರು ಮುಂಬಯಿಯಲ್ಲಿ ಯಾವುದಕ್ಕಾಗಿ ವಾದಿಸಿದರೋ ಅದೇ ನ್ಯಾಯ ಇಲ್ಲಿ ಕನ್ನಡಕ್ಕೂ ಸಲ್ಲಬೇಕಾಗಿತ್ತು. ತಪ್ಪಿದ್ದದ್ದು ಕಚೇರಿಯ ಅನುಕೂಲ ನೋಡಿ ಮಗುವಿನ ಕಲಿಕೆಯ ಭಾಷೆಯನ್ನು ನಿರ್ಧರಿಸುವ ಪದ್ಧತಿಯಲ್ಲಿ.

ಡೆಪ್ಯುಟಿ ಸಾಹೇಬರ ದಾರಿ

1854ರಲ್ಲಿ ಲಂಡನ್ನಿನಿಂದ ಬಂದ ವುಡ್ ಸಾಹೇಬನ ಖಲೀತೆ ಜನಸಾಮಾನ್ಯರಿಗೆ ದೇಶಭಾಷೆಗಳಲ್ಲಿ ಶಿಕ್ಷಣ ಕೊಡಬೇಕೆಂದು ಹೇಳಿತು. ಮರುವರ್ಷ ಮುಂಬಯಿ ಪ್ರಾಂತದಲ್ಲಿ ಶಿಕ್ಷಣ ಖಾತೆ ಶುರುವಾಯಿತು. ಆದರೆ ಹುಕುಮಿನಿಂದ ಶಾಲೆ ಹುಟ್ಟುವುದಿಲ್ಲ. ಕನ್ನಡದಲ್ಲಿ ಕಲಿಸುವವರು ಎಲ್ಲಿ? ಕನ್ನಡ ಪುಸ್ತಕ ಎಲ್ಲಿ? ಈ ಎರಡು ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮೊದಲು ನೆನೆಯಬೇಕಾದವರು ಧಾರವಾಡದ ಚನ್ನಬಸಪ್ಪನವರು. ಶಿಕ್ಷಣ ಖಾತೆಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರ್ ಆದ ಕಾರಣ ಜನ ಅವರನ್ನು 'ಡೆಪ್ಯುಟಿ ಚನ್ನಬಸಪ್ಪ' ಎಂದೇ ಕರೆದರು.

ಅವರು ಮಾಡಿದ್ದೇನು? ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಮಾಸ್ತರರನ್ನು ತಯಾರು ಮಾಡಿದರು. ಊರೂರು ತಿರುಗಿ ಕನ್ನಡ ಶಾಲೆ ತೆರೆಸಿದರು. ಮೇಲಿನ ಅಧಿಕಾರಿಯಾಗಿದ್ದ ರಸೆಲ್ ಸಾಹೇಬನಿಗೆ ಇಲ್ಲಿಯ ಜನರ ಮಾತು ಕನ್ನಡವೆಂಬುದನ್ನು ಮನವರಿಕೆ ಮಾಡಿಕೊಟ್ಟರು. ಹಳ್ಳಿಯ ಮಾಸ್ತರರಿಗಾಗಿ 1865ರಲ್ಲಿ 'ಮಠಪತ್ರಿಕೆ' ಎಂಬ ಪತ್ರಿಕೆ ಹೊರಟಿತು. ಅದೇ ಮುಂದೆ 'ಶಾಲಾಪತ್ರಿಕೆ'ಯಾಗಿ, ಆಮೇಲೆ 'ಜೀವನ ಶಿಕ್ಷಣ'ವಾಗಿ ಬೆಳೆಯಿತು. ಚನ್ನಬಸಪ್ಪನವರು ಷೇಕ್ಸ್‌ಪಿಯರನ ಒಂದು ನಾಟಕವನ್ನೂ ಕನ್ನಡಕ್ಕೆ ತಂದರು. ವೆಂಕಟ ರಂಗೋ ಕಟ್ಟಿ, ಗಂಗಾಧರ ಮಡಿವಾಳೇಶ್ವರ ತುರಮರಿ ಮೊದಲಾದವರು ಕನ್ನಡದಲ್ಲಿ ಓದುವ ಪುಸ್ತಕಗಳನ್ನು ಬರೆದರು. ಚನ್ನಬಸಪ್ಪನವರು 1881ರಲ್ಲಿ ತೀರಿಕೊಂಡಾಗ ಅವರಿಗೆ ಐವತ್ತೂ ತುಂಬಿರಲಿಲ್ಲ.

ಗಮನಿಸಿ, ಅವರು ಮರಾಠಿ ನಿಲ್ಲಿಸಿ ಎಂದು ಕೂಗುತ್ತ ಕೂಡಲಿಲ್ಲ. ಮಾಸ್ತರರನ್ನು ತಯಾರಿಸಿದರು, ಪುಸ್ತಕ ಮಾಡಿಸಿದರು, ಇಬ್ಬರನ್ನೂ ಹಳ್ಳಿಗೆ ಮುಟ್ಟಿಸಿದರು.

ಇದಕ್ಕೆ ಇನ್ನೊಂದು ಸಂಗತಿಯೂ ಕೂಡಿಬಂತು. ಅದೇ ಮುಲ್ಕಿ ಪರೀಕ್ಷೆ. ಇಲ್ಲಿಯ ಹಿರಿಯರಿಗೆ ಈ ಹೆಸರು ನೆನಪಿರಬಹುದು. ಕನ್ನಡ ಏಳನೆಯ ಇಯತ್ತೆ ಮುಗಿಸಿ ಮುಲ್ಕಿ ಪಾಸಾದವನು ಮಾಸ್ತರನಾಗಬಹುದಿತ್ತು, ತಲಾಠಿಯಾಗಬಹುದಿತ್ತು. ಒಕ್ಕಲಿಗನ ಮಗ ಇಂಗ್ಲಿಷಿನ ಒಂದಕ್ಷರವನ್ನೂ ಕಲಿಯದೆ ತನ್ನ ಮನೆಯ ಮಾತಿನಲ್ಲೇ ಓದಿ ಪಗಾರ ತರುವ ದಾರಿ ತೆರೆಯಿತು. ಕನ್ನಡ ಶಾಲೆಗಳು ತುಂಬಿದ್ದಕ್ಕೆ ಅಭಿಮಾನ ಒಂದೇ ಕಾರಣವಲ್ಲ. ಕಲಿತದ್ದು ಬದುಕಿಗೆ ಬರುತ್ತದೆಂಬ ಭರವಸೆಯೂ ಕಾರಣ. ಇದನ್ನು ಮರೆತು ನಾವು ಭಾಷೆಯ ಬಗೆಗೆ ಎಷ್ಟು ಭಾಷಣ ಮಾಡಿದರೂ ಪ್ರಯೋಜನವಿಲ್ಲ.

ಈ ದಾರಿಯ ಮೇಲೆ ಮುಂದೆ ಸಂಸ್ಥೆಗಳು ಹುಟ್ಟಿದವು. 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. 1916ರಲ್ಲಿ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು.

ಬೆಳೆ ಎಂಥದು ಬಂತೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಇದೇ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಕೃಷ್ಣಶರ್ಮರು 'ಆನಂದಕಂದ'ರಾದರು. ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು ಕಾದಂಬರಿಕಾರರಾದರು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಗೋಕಾಕದಲ್ಲಿ ಓದಿದರು. ಬಡತನದಿಂದ ಓದು ನಿಲ್ಲುವ ಹಂತಕ್ಕೆ ಬಂದಾಗ ಸಾವಳಗಿಯ ಸಿದ್ಧರಾಮ ಸ್ವಾಮಿಗಳು ಕೈಹಿಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದ ಅವರಿಗೆ 2010ನೇ ಸಾಲಿನ ಜ್ಞಾನಪೀಠ ಬಂತು. ಒಂದು ದಿನದ ನಡಿಗೆಯ ಸುತ್ತಳತೆಯ ಹಳ್ಳಿಗಳು ಇವು. ಇಲ್ಲಿಯ ಮಾತು ಶಾಲೆಯೊಳಗೆ ಬಂದಿರದಿದ್ದರೆ ಅದು ಸಾಹಿತ್ಯದೊಳಗೆ ಹೀಗೆ ಬರುತ್ತಿತ್ತೇ ಎಂದು ಯೋಚಿಸಬೇಕು.

ಗಡಿಯ ಆಚೆ, ಗಡಿಯ ಈಚೆ

1956ರ ನವೆಂಬರ್ 1ರಂದು ರಾಜ್ಯಗಳು ಭಾಷೆಯ ಆಧಾರದ ಮೇಲೆ ಮರುರಚನೆಯಾದವು. ಚಂದಗಡ ತಾಲೂಕು ಮುಂಬಯಿ ರಾಜ್ಯಕ್ಕೆ ಹೋಯಿತು, ಬೆಳಗಾವಿ ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಈ ಕಥೆ ನಿಮಗೆಲ್ಲ ಗೊತ್ತು.

ಅಷ್ಟಾಗಿ ಗೊತ್ತಿಲ್ಲದ ಸಂಗತಿ ಬೇರೆಯೇ ಇದೆ. ಗಡಿಯನ್ನು ಎಲ್ಲಿ ಎಳೆದರೂ ಒಂದಿಷ್ಟು ಮಕ್ಕಳು ಆಚೆ ಉಳಿಯುತ್ತಾರೆ, ಒಂದಿಷ್ಟು ಈಚೆ ಉಳಿಯುತ್ತಾರೆ. ಆ ಮಕ್ಕಳಿಗಾಗಿಯೇ 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ ಒಂದು ನಿಯಮಕ್ಕೆ ಒಪ್ಪಿದ್ದರು. ಒಂದು ಶಾಲೆಯಲ್ಲಿ 40 ಮಕ್ಕಳು, ಇಲ್ಲವೆ ಒಂದು ತರಗತಿಯಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಅವರ ಭಾಷೆಯಲ್ಲಿ ಕಲಿಸುವ ಶಿಕ್ಷಕರನ್ನು ಕೊಡಬೇಕೆಂಬುದು ಆ ನಿಯಮ. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆಂದು ಅದು ಹೇಳುತ್ತದೆ.

ಇದರ ಫಲವನ್ನು ಇಂದೂ ಕಾಣಬಹುದು. ಕರ್ನಾಟಕ ಸರ್ಕಾರ ಮರಾಠಿ, ಉರ್ದು ಮಾಧ್ಯಮದ ಶಾಲೆಗಳನ್ನು ನಡೆಸುತ್ತದೆ, ಅವಕ್ಕೆ ಪುಸ್ತಕ ಅಚ್ಚುಹಾಕುತ್ತದೆ. ಆಚೆ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಕನ್ನಡ ಶಾಲೆಗಳಿವೆ. ಪುಣೆಯ 'ಬಾಲಭಾರತಿ' ಕನ್ನಡದಲ್ಲಿ ಪಠ್ಯಪುಸ್ತಕ ಹೊರತರುತ್ತದೆ. ಬೆಂಗಳೂರಿನಲ್ಲಿ ಮರಾಠಿ ಪುಸ್ತಕ, ಪುಣೆಯಲ್ಲಿ ಕನ್ನಡ ಪುಸ್ತಕ. ಬೀದಿಯಲ್ಲಿ ಘೋಷಣೆ ಏಳುವ ದಿನವೂ ಈ ಕೆಲಸ ಸದ್ದಿಲ್ಲದೆ ನಡೆದಿರುತ್ತದೆ. ಜತ್ತದ ಕನ್ನಡ ಶಾಲೆಗೆ ಮಾಸ್ತರರು ಬೇಕೆಂದು ಕೇಳುವ ನಾವು, ಇಲ್ಲಿಯ ಮರಾಠಿ ಶಾಲೆಗೂ ಮಾಸ್ತರರು ಬೇಕೆಂದು ಕೇಳುವಷ್ಟು ದೊಡ್ಡ ಮನಸ್ಸಿನವರಾಗಿರಬೇಕು.

ಪುಸ್ತಕವಿಲ್ಲದ ಮಾತುಗಳು

ಇನ್ನು, ಯಾವ ಸರ್ಕಾರವೂ ಪುಸ್ತಕ ಅಚ್ಚುಹಾಕದ ಮಾತುಗಳ ವಿಷಯ. ನಮ್ಮ ಜಿಲ್ಲೆಯಲ್ಲಿ ಕಲ್ಲು ಒಡೆಯುವ, ಬಾವಿ ತೋಡುವ ವಡ್ಡರ ಮನೆಗಳಲ್ಲಿ ತೆಲುಗಿಗೆ ಹತ್ತಿರದ ಮಾತಿದೆ. ಬುಟ್ಟಿ ಹೆಣೆಯುವ ಕೊರವರ ಮಾತು ತಮಿಳಿನ ಬಳಗದ್ದು. ಹರಣಶಿಕಾರಿಗಳ ಮಾತಿಗೆ ಗುಜರಾತಿಯ ನೆಂಟಸ್ತಿಕೆಯಿದೆ. ಮುಸಲ್ಮಾನರ ಮನೆಗಳ ದಖ್ಖನಿ, ಪುಸ್ತಕದ ಉರ್ದುವಿಗಿಂತ ಎಷ್ಟೋ ಬೇರೆ. ಅದರ 'ನಕ್ಕೊ' ಮರಾಠಿಯ 'ನಕೋ'ದ ಒಡಹುಟ್ಟು.

ಈ ಜನರಲ್ಲಿ ಕೆಲವರ ಚರಿತ್ರೆ ಇನ್ನೂ ಕಹಿಯಾದುದು. ಇಂಗ್ಲಿಷರು 1871ರಲ್ಲಿ 'ಅಪರಾಧಿ ಬುಡಕಟ್ಟು'ಗಳ ಕಾಯ್ದೆ ಮಾಡಿದರು. ಮುಂದೆ ಅದು ಮುಂಬಯಿ ಪ್ರಾಂತಕ್ಕೂ ಬಂದಾಗ ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲ್‌ಮೆಂಟುಗಳನ್ನು ತೆರೆದು ಇಡೀ ಕುಟುಂಬಗಳನ್ನು ತಂತಿಬೇಲಿಯೊಳಗೆ ಕೂಡಿಹಾಕಿದರು. ಹುಟ್ಟಿದ ಜಾತಿಯೇ ಅಪರಾಧವಾಯಿತು. ಅಲ್ಲಿ ಶಾಲೆಯೂ ಇತ್ತು. ಆದರೆ ಆ ಶಾಲೆಯ ಉದ್ದೇಶ ಮಗುವನ್ನು ತಂದೆತಾಯಿಯ ದಾರಿಯಿಂದ ಬಿಡಿಸುವುದಾಗಿತ್ತು. ಈ ಕಾಯ್ದೆ ದೇಶದಾದ್ಯಂತ ರದ್ದಾದದ್ದು 1952ರಲ್ಲಿ. ಶಾಲೆಯೆಂದರೆ ಅಂಜಿಕೆ ಎಂಬ ನೆನಪು ಒಂದೆರಡು ತಲೆಮಾರಿಗೆ ಹೋಗುವುದಿಲ್ಲ.

ವರದಿಗಾಗಿ ಹಳ್ಳಿ ಸುತ್ತುವಾಗ ಒಬ್ಬ ಶಿಕ್ಷಕಿಯನ್ನು ಭೇಟಿಯಾಗಿದ್ದೆ. ಒಂದನೇ ತರಗತಿಯ ಹುಡುಗಿಯೊಬ್ಬಳು ಎರಡು ತಿಂಗಳು ಬಾಯಿಬಿಟ್ಟಿರಲಿಲ್ಲವಂತೆ. ದಡ್ಡಿ ಎಂದು ಎಲ್ಲರೂ ತೀರ್ಮಾನಿಸಿದ್ದರು. ಒಂದು ದಿನ ಆಕೆಯ ಅಜ್ಜಿ ಬಂದಾಗ ಹುಡುಗಿ ಅರಳು ಹುರಿದಂತೆ ಮಾತನಾಡಿದಳು. ಅದು ಮನೆಯ ಮಾತು, ಮಾಸ್ತರಬಾಯಿಗೆ ತಿಳಿಯದ್ದು. ಆಕೆ ಅಜ್ಜಿಯಿಂದಲೇ ನೀರು, ಹಸಿವು, ಹೊರಗೆ ಹೋಗುವುದು, ಬಾ, ಕೂಡು ಎಂಬ ಹತ್ತಿಪ್ಪತ್ತು ಮಾತು ಕಲಿತು ಗೋಡೆಗೆ ಬರೆದು ಹಚ್ಚಿದರು, ಕನ್ನಡ ಅಕ್ಷರದಲ್ಲಿ. ಹುಡುಗಿ ಕನ್ನಡ ಕಲಿತದ್ದು ಅದರ ನಂತರ. ಎರಡು ತಿಂಗಳು ಮೂಕಿಯಂತಿದ್ದ ಆ ಮಗು ಮತ್ತು 1830ರಲ್ಲಿ ಮರಾಠಿ ಶಾಲೆಯ ಮೂಲೆಯಲ್ಲಿ ಕೂತಿದ್ದಿರಬಹುದಾದ ಕನ್ನಡದ ಮಗು, ಇಬ್ಬರಿಗೂ ವ್ಯತ್ಯಾಸವಿಲ್ಲ. ಅಂದು ನಮ್ಮ ಭಾಷೆಗೆ ಆದದ್ದನ್ನು ನಾವು ಇಂದು ನಮಗಿಂತ ಸಣ್ಣ ಭಾಷೆಗೆ ಮಾಡಬಾರದು.

ಇಷ್ಟು ಸಣ್ಣ ಭಾಷೆಗಳಲ್ಲಿ ಕಲಿಸಲು ಸಾಧ್ಯವೇ ಎಂದು ಕೇಳಬಹುದು. ಜಗತ್ತಿನಲ್ಲಿ ಪ್ರಯತ್ನಗಳಾಗಿವೆ. ಪಪುವಾ ನ್ಯೂಗಿನಿ 1975ರಲ್ಲಿ ಸ್ವತಂತ್ರವಾದ ದೇಶ. ಅಲ್ಲಿ 800ಕ್ಕೂ ಹೆಚ್ಚು ಭಾಷೆಗಳಿವೆ. 1990ರ ದಶಕದಲ್ಲಿ ಅಲ್ಲಿಯ ಸರ್ಕಾರ ಮೊದಲ ತರಗತಿಗಳನ್ನು ನೂರಾರು ಸ್ಥಳೀಯ ಭಾಷೆಗಳಲ್ಲಿ ನಡೆಸಲು ಹೊರಟಿತು. ಧೈರ್ಯದ ಕೆಲಸವೇ. ಆದರೆ ತರಬೇತಾದ ಶಿಕ್ಷಕರು, ಪುಸ್ತಕಗಳು ಸಾಲಲಿಲ್ಲ. ಪಾಲಕರು ಅಸಮಾಧಾನಗೊಂಡರು. 2013ರಲ್ಲಿ ಸರ್ಕಾರ ಮತ್ತೆ ಇಂಗ್ಲಿಷಿಗೆ ಮರಳಿತು. ನಮ್ಮದೇ ದೇಶದ ಒಡಿಶಾ 2006ರ ಸುಮಾರಿಗೆ ಆದಿವಾಸಿಗಳ 10 ಭಾಷೆಗಳನ್ನಷ್ಟೇ ಆರಿಸಿ, ಆ ಭಾಷೆಯವರನ್ನೇ ಶಿಕ್ಷಕರನ್ನಾಗಿ ಹುಡುಕಿ, ಪುಸ್ತಕ ಮಾಡಿಸಿ ಆರಂಭಿಸಿತು. ಮಗು ಮನೆಯ ಮಾತಿನಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಒಡಿಯಾಕ್ಕೆ, ಇಂಗ್ಲಿಷಿಗೆ ಹೋಗುತ್ತದೆ. ಎರಡೂ ಉದಾಹರಣೆಗಳು ಹೇಳುವುದು ಚನ್ನಬಸಪ್ಪನವರ ಪಾಠವನ್ನೇ.

ಇಂದಿನ ಕಚೇರಿಯ ಮಾತು

ಕೊನೆಯದಾಗಿ ಎಲ್ಲರ ಮನಸ್ಸಿನಲ್ಲಿರುವ ಇಂಗ್ಲಿಷಿನ ಮಾತು.

ಗೋಕಾಕ ಎಂಬ ಹೆಸರು ಕರ್ನಾಟಕಕ್ಕೆಲ್ಲ ಪರಿಚಯವಾದದ್ದು ಜಲಪಾತದಿಂದ ಮತ್ತು ಕರದಂಟಿನಿಂದ ಅಷ್ಟೇ ಅಲ್ಲ, ಒಂದು ವರದಿಯಿಂದ ಕೂಡ. ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಾದರೂ ಅವರ ಮನೆತನದ ಹೆಸರು ಈ ಊರಿನದು. 1980ರಲ್ಲಿ ನೇಮಕವಾದ ಅವರ ಸಮಿತಿ, ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿ ಕೊಟ್ಟಿತು. 1982ರಲ್ಲಿ ರಾಜಕುಮಾರರು ಬೀದಿಗಿಳಿದಾಗ ನಾಡೇ ಎದ್ದು ನಿಂತಿತು. ಮುಂದೆ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಖಾಸಗಿ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಕನ್ನಡವನ್ನು ಒಂದು ಭಾಷೆಯಾಗಿ ಕಲಿಸುವುದನ್ನು 2015ರ ಕಾಯ್ದೆ ಕಡ್ಡಾಯ ಮಾಡಿದೆ, ಮಾಧ್ಯಮದ ಆಯ್ಕೆ ಪಾಲಕರದು. 2019ರಿಂದ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಬಂದವು. ಅದೇ ವರ್ಷದ ಜನವರಿಯಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಕಂಬಾರರು ಮಕ್ಕಳ ಮೊದಲ ಕಲಿಕೆ ತಾಯಿಮಾತಿನಲ್ಲೇ ಆಗಬೇಕೆಂದರು.

ಬೆಳಿಗ್ಗೆ ಹಳ್ಳಿಗೆ ಬರುವ ಹಳದಿ ಬಸ್ಸಿಗೆ ಮಗುವನ್ನು ಹತ್ತಿಸುವ ತಾಯಿಯನ್ನು ನಾನು ಬಯ್ಯುವುದಿಲ್ಲ. 1830ರಲ್ಲಿ ಮರಾಠಿ ಹೇಗೆ ಕಚೇರಿಯ ಬಾಗಿಲಾಗಿತ್ತೋ ಇಂದು ಇಂಗ್ಲಿಷ್ ಹಾಗೆ. ತಾಯಿಗೆ ಕಾಣುವುದು ಆ ಬಾಗಿಲು. ಅವಳ ಆಸೆ ತಪ್ಪಲ್ಲ. ಆದರೆ ಬಾಗಿಲಿಗೆ ಹೋಗಲು ಮೆಟ್ಟಿಲು ಬೇಕು. ಅರ್ಥವಾಗದ ಭಾಷೆಯಲ್ಲಿ ಗಣಿತ, ವಿಜ್ಞಾನ ಬಾಯಿಪಾಠ ಮಾಡಿದ ಮಗು ಇಂಗ್ಲಿಷನ್ನೂ ಕಲಿಯುವುದಿಲ್ಲ, ಗಣಿತವನ್ನೂ ಕಲಿಯುವುದಿಲ್ಲ. ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸುವ ಶಿಕ್ಷಕರು ಕನ್ನಡ ಶಾಲೆಯಲ್ಲೇ ಇದ್ದರೆ ಎಷ್ಟೋ ತಾಯಂದಿರು ಬಸ್ಸಿಗೆ ಹಣ ಕಟ್ಟುತ್ತಿರಲಿಲ್ಲ. ಕನ್ನಡ ಶಾಲೆ ಉಳಿಯಬೇಕಾದರೆ ಅಭಿಮಾನದ ಜೊತೆ ಗುಣವೂ ಬೇಕು, ಹಿಂದಿನ ಮುಲ್ಕಿಯಂತೆ ಕನ್ನಡದಲ್ಲಿ ಓದಿದವನಿಗೆ ಬದುಕಿನ ದಾರಿಯೂ ಬೇಕು.

ಇದನ್ನೆಲ್ಲ ಬೆಂಗಳೂರೇ ಮಾಡಲಿ ಎಂದು ಕಾಯಬೇಕಿಲ್ಲ. ಪ್ರತಿ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಾತೃಭಾಷೆ ಎಂಬ ಕಾಲಂ ಇದೆ. ಅದನ್ನು ರೂಢಿಯಂತೆ ತುಂಬದೆ ತಾಯಿಯನ್ನು ಕೇಳಿ ಖರೆ ಖರೆ ತುಂಬಿ. ನಮ್ಮ ಶಾಲೆಯಲ್ಲಿ ಎಷ್ಟು ಮನೆಮಾತುಗಳಿವೆ ಎಂಬುದು ಮೊದಲು ನಮಗೆ ಗೊತ್ತಾಗಲಿ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಬಣ್ಣ, ಕಂಪೌಂಡುಗಳ ಜೊತೆಗೆ ಖಾಲಿ ಇರುವ ಶಿಕ್ಷಕರ ಹುದ್ದೆಗಳ ಲೆಕ್ಕವನ್ನೂ ಕೇಳಿ. ಒಂದನೇ ತರಗತಿಯಲ್ಲಿ ಯಾವುದಾದರೂ ಮಗು ಸುಮ್ಮನೆ ಕೂತಿದ್ದರೆ ಅದನ್ನು ದಡ್ಡ ಎನ್ನುವ ಮೊದಲು ಅದರ ಮನೆಗೆ ಒಮ್ಮೆ ಹೋಗಿ ಬನ್ನಿ. ಈ ಮೂರಕ್ಕೂ ಯಾವ ಹುಕುಮೂ ಬೇಕಿಲ್ಲ.